ಚಾರ್ಜರ್ ಒಪ್ಪದ ಹಳೇ ರೀಚಾರ್ಜೆಬಲ್ ಸೆಲ್‌ಗಳಿಗೆ ಮತ್ತೆ ಜೀವ ಬರುತ್ತದಾ?

ಮುಸ್ಸಂಜೆ_ಓದು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡ್ರಾಯರ್ ಚೊಕ್ಕ ಮಾಡುವಾಗ ಒಂದು ಡಬ್ಬಿಯಲ್ಲಿ ಎಂಟು ರೀಚಾರ್ಜೆಬಲ್ ಪೆನ್ಸಿಲ್ ಸೆಲ್ ಸಿಕ್ಕವು, ಎಎ ಸೈಜಿನವು. ಎಲ್ಲದರ ಮೇಲೂ ನಿಕಲ್ ಮೆಟಲ್ ಹೈಡ್ರೈಡ್ ಅಂತಿದೆ. ನಾಲ್ಕು 2000 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ), ಇನ್ನು ನಾಲ್ಕು 2700 ಎಂಎಎಚ್. ಯಾರೂ ಮುಟ್ಟದೆ ವರ್ಷಗಟ್ಟಲೆ ಬಿದ್ದಿದ್ದವು.

ನನ್ನ ಹತ್ತಿರ ಎರಡು ಚಾರ್ಜರ್ ಇವೆ. ಹಳೇದರಲ್ಲಿ ಸೆಲ್‌ಗಳನ್ನು ಜೋಡಿಯಾಗಿಯೇ ಹಾಕಬೇಕು. ಒಂದು ಕೆಂಪು ದೀಪ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ, ತಾನಾಗಿ ನಿಲ್ಲುವುದೂ ಇಲ್ಲ. ಹಿಂಬದಿಯಲ್ಲಿ ಎಎಗೆ 150 ಎಂಎ (ಮಿಲಿಆಂಪಿಯರ್, ಹರಿಯುವ ಕರೆಂಟಿನ ಅಳತೆ) ಅಂತ ಬರೆದಿದೆ. ಇನ್ನೊಂದು ಹೊಸದು. ನಾಲ್ಕು ಗೂಡಿಗೂ ಬೇರೆ ಬೇರೆ ರೀಡಿಂಗ್ ತೋರಿಸುತ್ತದೆ. ಚಾರ್ಜ್, ಡಿಸ್ಚಾರ್ಜ್ (ಖಾಲಿ ಮಾಡುವುದು), ರಿಫ್ರೆಶ್ (ಖಾಲಿ ಮಾಡಿ ತುಂಬುವುದನ್ನು ಮತ್ತೆ ಮತ್ತೆ ಮಾಡುವುದು) ಎಲ್ಲ ಇದೆ.

ತೊಂದರೆ ಏನಂದರೆ, 2700ರಲ್ಲಿ ಮೂರು ಸೆಲ್‌ಗಳನ್ನು ಹೊಸ ಚಾರ್ಜರ್ ಗುರುತಿಸುತ್ತಲೇ ಇಲ್ಲ. ಹಾಕಿದರೂ ಗೂಡು ಖಾಲಿ ಇರುವಂತೆ ತೋರಿಸುತ್ತದೆ. 2000ರ ನಾಲ್ಕನ್ನೂ ಒಪ್ಪಿತು. ಆದರೆ ಅದರಲ್ಲಿ ಒಂದು ಹತ್ತೇ ನಿಮಿಷದಲ್ಲಿ ಫುಲ್ ಅಂತ ಬಂತು. ಟಾರ್ಚ್‌ಗೆ ಹಾಕಿದರೆ ಬೆಳಕು ಬೇಗ ಮಂಕಾಗುತ್ತದೆ.

ಚಾರ್ಜ್‌ಗೆ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿದ್ದೆ. 2000ರವು 1.21, 1.20, 1.18, 1.20 ವೋಲ್ಟ್. 2700ರವು 1.02, 0.70, 0.31, 0.04.

ಇವನ್ನು ಉಳಿಸಿಕೊಳ್ಳಬಹುದಾ? ಒಬ್ಬರು ಫ್ರೀಜರ್‌ನಲ್ಲಿ ಒಂದು ರಾತ್ರಿ ಇಡಿ ಅಂದರು. ಇನ್ನೊಬ್ಬರು 12 ವೋಲ್ಟ್ ಬ್ಯಾಟರಿಯಿಂದ ಒಂದು ಕ್ಷಣ ತಾಗಿಸಿ, ಏಳುತ್ತದೆ ಅಂದರು. ಯಾವುದನ್ನೂ ಮಾಡಲು ಧೈರ್ಯ ಬರಲಿಲ್ಲ. ಚೆನ್ನಾಗಿರುವುದನ್ನು ಸುಮ್ನೆ ಎಸೆಯಲೂ ಮನಸ್ಸಿಲ್ಲ.


ನಾಲ್ಕು_ಸೆಲ್

ಮೊದಲು ಆ 12 ವೋಲ್ಟ್ ಸಲಹೆ ಬಿಟ್ಟುಬಿಡಿ. ಫ್ರೀಜರ್ ಕೂಡ ಬೇಡ. ಕಾರಣ ಮುಂದೆ ಹೇಳುತ್ತೇನೆ.

ನಾನು ಫೋಟೋಗ್ರಾಫರ್. ನನ್ನ ಫ್ಲಾಶ್‌ಗಳಿಗೆ ನಾಲ್ಕು ನಾಲ್ಕು ಎಎ ಬೇಕು. ಹಾಗಾಗಿ ಈ ಸೆಲ್‌ಗಳ ಜೊತೆ ದಿನಾ ಒಡನಾಟ. ನಾನು ನೋಡಿದಂತೆ ಜನ ಎಸೆಯುವ ಸೆಲ್‌ಗಳಲ್ಲಿ ಬಹಳಷ್ಟು ಸತ್ತಿರುವುದಿಲ್ಲ. ನಾಲ್ಕರಲ್ಲಿ ಒಂದು ಕೆಟ್ಟಿರುತ್ತದೆ, ನಾಲ್ಕನ್ನೂ ಎಸೆಯುತ್ತಾರೆ. ಅದಕ್ಕೇ ಸೆಟ್ಟನ್ನು ನೋಡಬೇಡಿ, ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡಿ. ನೀವು ಎಂಟನ್ನೂ ಅಳೆದು ಬರೆದದ್ದು ತುಂಬಾ ಒಳ್ಳೇದಾಯಿತು. ಅರ್ಧ ಉತ್ತರ ಅದರಲ್ಲೇ ಇದೆ.

ನಿಮ್ಮ 2000ರ ಸೆಲ್‌ಗಳು ಅಷ್ಟು ಕಾಲ ಬಿದ್ದಿದ್ದರೂ 1.2 ವೋಲ್ಟ್ ಹತ್ತಿರವೇ ನಿಂತಿವೆ. ಅಂದರೆ ಅವು ಚಾರ್ಜ್ ತಾನಾಗಿ ಸೋರಿ ಬೇಗ ಖಾಲಿಯಾಗದ ಜಾತಿಯವು. 2005ರಲ್ಲಿ ಸಾನ್ಯೊ ಕಂಪನಿ ಎನೆಲೂಪ್ ತಂದ ಮೇಲೆ ಈ ಜಾತಿ ಹೆಸರಾಯಿತು. ಈಗ ಬೇರೆಯವರೂ ಮಾಡುತ್ತಾರೆ. 2700ರವು ಇನ್ನೊಂದು ಜಾತಿ. ಅಷ್ಟೇ ಸೈಜಿನ ಡಬ್ಬಿಯೊಳಗೆ ಜಾಸ್ತಿ ಮಾಲು ತುಂಬಬೇಕಾದರೆ ಪ್ಲಸ್ ಮೈನಸ್ ನಡುವಿನ ಪದರ ತೆಳ್ಳಗೆ ಮಾಡಬೇಕಾಗುತ್ತದೆ. ಅಂಥವು ಸುಮ್ನೆ ಇಟ್ಟರೂ ಕೆಲವು ತಿಂಗಳಲ್ಲೇ ಖಾಲಿ. ಮೇಲೆ ಬರೆದ ನಂಬರ್ ದೊಡ್ಡದಿದ್ದರೆ ಸೆಲ್ ಒಳ್ಳೇದು ಅಂತ ಲೆಕ್ಕ ಹಾಕಬೇಡಿ. ದಿನಾ ಚಾರ್ಜ್ ಮಾಡಿ ದಿನಾ ಖಾಲಿ ಮಾಡುವವರಿಗೆ 2700 ಸರಿ. ಮನೆ ಬಳಕೆಗೆ 2000ವೇ ಮೇಲು.

ಹೊಸ ಚಾರ್ಜರ್ ಯಾಕೆ ಒಪ್ಪುತ್ತಿಲ್ಲ? ಅದು ಮೊದಲು ವೋಲ್ಟೇಜ್ ನೋಡುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಅದಕ್ಕೆ ಇದು ಖಾಲಿ ಸೆಲ್ಲೋ, ಒಳಗೇ ಶಾರ್ಟ್ ಆದ ಸೆಲ್ಲೋ, ಖಾಲಿ ಗೂಡೋ ಗೊತ್ತಾಗುವುದಿಲ್ಲ. ಹಾಗಾಗಿ ಸುಮ್ಮನಾಗುತ್ತದೆ. ಅದು ಎಚ್ಚರಿಕೆ ಅಷ್ಟೇ. ಸೆಲ್ ಸತ್ತಿದೆ ಅಂತ ತೀರ್ಮಾನ ಅಲ್ಲ.

ಇಲ್ಲಿ ನಿಮ್ಮ ಹಳೇ ಚಾರ್ಜರ್ ಬಹಳ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಬುದ್ಧಿ ಇಲ್ಲ, ಏನು ಹಾಕಿದರೂ 150 ಎಂಎ ಹರಿಸುತ್ತಲೇ ಇರುತ್ತದೆ. 0.70 ಮತ್ತು 0.31 ಇರುವ ಸೆಲ್‌ಗಳನ್ನು ಅದರಲ್ಲಿ ಜೋಡಿಯಾಗಿ ಹಾಕಿ ಕಾಲು ಗಂಟೆ ಬಿಡಿ. ಕಾಲು ಗಂಟೆಗೆ ಒಳಗೆ ಹೋಗುವುದು ಸುಮಾರು 40 ಎಂಎಎಚ್. ಇಂಥ ನಿಕಲ್ ಸೆಲ್ಲಿಗೆ ಅದರಿಂದ ಅಪಾಯ ಇಲ್ಲ. ಆಮೇಲೆ ತೆಗೆದು ಅಳೆಯಿರಿ. 1.2ರ ಆಸುಪಾಸಿಗೆ ಏರಿದ್ದರೆ ನೇರವಾಗಿ ಹೊಸ ಚಾರ್ಜರ್‌ಗೆ ಹಾಕಿ, ಈಗ ಒಪ್ಪುತ್ತದೆ. 0.04ರದ್ದನ್ನೂ ಇನ್ನೊಂದರ ಜೊತೆ ಹಾಗೇ ಎಬ್ಬಿಸಿ. ಪಕ್ಕದಲ್ಲೇ ಕೂತಿರಿ, ಆಗಾಗ ಮುಟ್ಟಿ ನೋಡಿ. ಕಾಲು ಗಂಟೆಯಲ್ಲಿ ಬಿಸಿ ಆಗಬಾರದು.

ಕೆಲವರು ಚೆನ್ನಾಗಿರುವ ಸೆಲ್ಲಿಗೆ ಖಾಲಿ ಸೆಲ್ಲನ್ನು ತಂತಿಯಿಂದ ಜೋಡಿಸಿ ಎಬ್ಬಿಸುತ್ತಾರೆ. ಕೆಲಸ ಆಗುತ್ತದೆ, ಆದರೆ ಆಗ ಎಷ್ಟು ಆಂಪಿಯರ್ ಹರಿಯುತ್ತದೆ ಅನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ. ಬುದ್ಧಿ ಇಲ್ಲದ ಚಾರ್ಜರ್ ಮನೆಯಲ್ಲೇ ಇರುವಾಗ ಆ ತಂತಿಯ ಗೊಡವೆ ಬೇಡ.

12 ವೋಲ್ಟ್ ತಾಗಿಸುವ ಸಲಹೆ ಹಳೇ ನಿಕಲ್ ಕ್ಯಾಡ್ಮಿಯಂ ಸೆಲ್‌ಗಳ ಕಾಲದ್ದು. ಅವುಗಳಲ್ಲಿ ಒಳಗೆ ಸೂಜಿಯಂಥ ಹರಳು ಬೆಳೆದು ಶಾರ್ಟ್ ಆಗುತ್ತಿತ್ತು. ಜೋರಾಗಿ ಕರೆಂಟ್ ಬಿಟ್ಟು ಅದನ್ನು ಸುಟ್ಟು ಹಾಕುತ್ತಿದ್ದರು. ಸುಟ್ಟ ಮೇಲೂ ಆ ಜಾಗ ದುರ್ಬಲವಾಗಿಯೇ ಇರುತ್ತಿತ್ತು, ಮತ್ತೆ ಶಾರ್ಟ್ ಆಗುತ್ತಿತ್ತು. ನಿಮ್ಮ ಸೆಲ್‌ಗೆ ಅದರಿಂದ ಲಾಭ ಇಲ್ಲ. ಒಳಗೆ ಗ್ಯಾಸ್ ಎದ್ದು ಸೀಲ್ ಬಿಟ್ಟುಕೊಂಡರೆ ಕ್ಷಾರ ಹೊರಗೆ ಚಿಮ್ಮುತ್ತದೆ, ಅದು ಕಣ್ಣಿಗೆ ತಾಗಿದರೆ ಕಷ್ಟ. ಇನ್ನು ಫ್ರೀಜರ್. ತಂಪಿನಲ್ಲಿ ಚಾರ್ಜ್ ಸೋರುವುದು ನಿಧಾನವಾಗುತ್ತದೆ, ಅದು ನಿಜ. ಆದರೆ ಖಾಲಿಯಾದ ಸೆಲ್ ತಂಪಿನಿಂದ ತುಂಬುವುದಿಲ್ಲ. ಹೊರಗೆ ತೆಗೆದಾಗ ಮೈಮೇಲೆ ನೀರು ಕೂತು ತುದಿಗಳಿಗೆ ತುಕ್ಕು ಹಿಡಿಯುತ್ತದೆ ಅಷ್ಟೇ.

ಚಾರ್ಜ್‌ಗೆ ಮೊದಲು ಒಂದು ಕೆಲಸ ಮಾಡಿ. ಒಳ್ಳೇ ಬೆಳಕಲ್ಲಿ ಸೆಲ್ಲಿನ ಪ್ಲಸ್ ತುದಿ ನೋಡಿ. ಗುಬುಟಿನ ಸುತ್ತ ತೆಳುವಾದ ಬಿಳಿ ಕಾಗದದಂಥ ಬಳೆ ಇರುತ್ತದೆ. ಆ ಬಳೆ ಕಂದು ಬಣ್ಣಕ್ಕೆ ತಿರುಗಿದೆಯಾ, ಉಬ್ಬಿದೆಯಾ, ಅಂಚಿನಲ್ಲಿ ಬಿಳಿ ಪುಡಿ ಕೂತಿದೆಯಾ? ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ ಗಾಳಿ ಸೇರಿ ಕಾರ್ಬೊನೇಟ್ ಆದದ್ದು ಆ ಪುಡಿ. ಹಾಗಿದ್ದರೆ ಆ ಸೆಲ್ ಒಮ್ಮೆ ಬಾಯಿ ಬಿಟ್ಟಿದೆ, ಒಳಗಿನ ದ್ರವ ಕಮ್ಮಿಯಾಗಿದೆ. ಅದಕ್ಕೆ ಯಾವ ಚಾರ್ಜರ್‌ನಿಂದಲೂ ಪರಿಹಾರ ಇಲ್ಲ. ಬದಲಿಗೆ ಪುಡಿ ಬೇರೆ ಸೆಲ್ಲಿನಿಂದ ಮೆತ್ತಿಕೊಂಡಿದ್ದರೆ, ಹತ್ತಿಯನ್ನು ಚೂರು ವಿನೆಗರ್‌ನಲ್ಲಿ ಅದ್ದಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಒಣ ಬಟ್ಟೆ. ಚಾರ್ಜರ್ ಗೂಡಿನ ಸ್ಪ್ರಿಂಗ್ ತುದಿಗಳನ್ನೂ ಪ್ಲಗ್ ತೆಗೆದು ಒರೆಸಿ. ಅಲ್ಲಿ ಕೊಳೆ ಇದ್ದರೆ ಚೆನ್ನಾಗಿರುವ ಸೆಲ್ಲನ್ನೂ ಚಾರ್ಜರ್ ಕೆಟ್ಟಿದೆ ಅನ್ನುತ್ತದೆ.

ಎಲ್ಲವೂ ಎದ್ದ ಮೇಲೆ ನಿಜವಾದ ಪರೀಕ್ಷೆ. ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆ ತಣಿಯಲು ಬಿಟ್ಟು, ಹೊಸ ಚಾರ್ಜರ್‌ನಲ್ಲಿ ಡಿಸ್ಚಾರ್ಜ್ ಮಾಡಿ. 2000ರ ಸೆಲ್ಲಿಗೆ 400 ಎಂಎ ಸುತ್ತಮುತ್ತ ಇರಲಿ. ಆಗ ಬರುವ ಎಂಎಎಚ್ ಮಾತ್ರ ನಂಬಿ. ಚಾರ್ಜ್ ಆಗುವಾಗ ತೋರಿಸುವ ನಂಬರ್ ನೋಡಿ ಖುಷಿ ಪಡಬೇಡಿ. ಒಳಗೆ ಹೋದದ್ದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ, ಹಾಗಾಗಿ ಅದು ಯಾವಾಗಲೂ ಜಾಸ್ತಿಯೇ ಇರುತ್ತದೆ.

ಬಹಳ ಕಾಲ ಮಲಗಿದ್ದ ಸೆಲ್ ಮೊದಲ ಸುತ್ತಿನಲ್ಲಿ (ಒಮ್ಮೆ ತುಂಬಿ ಒಮ್ಮೆ ಖಾಲಿ ಮಾಡಿದರೆ ಒಂದು ಸುತ್ತು) 900 ಕೊಟ್ಟು, ಎರಡನೇದರಲ್ಲಿ 1400, ಮೂರನೇದರಲ್ಲಿ 1600 ಕೊಡುವುದು ಸಾಮಾನ್ಯ. ನಂಬರ್ ಏರುತ್ತಿರುವವರೆಗೆ ಮಾಡಿ. ಏರಿಕೆ ನಿಂತ ಮೇಲೆ ನಿಲ್ಲಿಸಿ. ಅದರಾಚೆ ಮಾಡುವ ಒಂದೊಂದು ಸುತ್ತೂ ಸೆಲ್ಲಿನ ಆಯಸ್ಸನ್ನು ತಿನ್ನುತ್ತದೆ. ಬರೆದದ್ದರ 80 ಪರ್ಸೆಂಟ್ ಬಂದರೆ ಒಳ್ಳೇ ಸೆಲ್. 60ಕ್ಕಿಂತ ಕೆಳಗೆ ನಿಂತರೆ ಕೆಲಸದ ಸೆಟ್ಟಿಗೆ ಸೇರಿಸಬೇಡಿ.

ಇನ್ನು ಹತ್ತು ನಿಮಿಷದಲ್ಲಿ ಫುಲ್ ಆದ ಸೆಲ್. ಸೆಲ್ ತುಂಬುವ ಹೊತ್ತಿಗೆ ವೋಲ್ಟೇಜ್ ಏರಿ ತುದಿ ಮುಟ್ಟಿ, ಅಲ್ಲಿಂದ ಕೆಲವೇ ಮಿಲಿವೋಲ್ಟ್ ಕೆಳಗಿಳಿಯುತ್ತದೆ. ಆ ಇಳಿತ ಕಂಡ ಕೂಡಲೇ ಚಾರ್ಜರ್ ನಿಲ್ಲಿಸುತ್ತದೆ. ಬಹಳ ದಿನ ಸುಮ್ನಿದ್ದ ಸೆಲ್‌ನಲ್ಲಿ ಶುರುವಿನಲ್ಲೇ ಇಂಥ ಸುಳ್ಳು ಇಳಿತ ಬರುವುದುಂಟು. ತೆಗೆದು ಮತ್ತೆ ಹಾಕಿ. ಒಂದೆರಡು ಸಲ ಹೀಗೆ ಮಾಡಿದರೆ ಸಾಮಾನ್ಯವಾಗಿ ಮುಂದೆ ಸಾಗುತ್ತದೆ. ಆದರೆ ಹಾಕಿದ ಕೂಡಲೇ ವೋಲ್ಟೇಜ್ 1.6ಕ್ಕೆ ಹಾರಿ, ಸೆಲ್ ಬೇಗ ಬಿಸಿಯಾದರೆ ಅದರ ಒಳಗಿನ ರೆಸಿಸ್ಟನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರಿದೆ ಅಂತ ಅರ್ಥ. ಅದು ಮುಪ್ಪು, ಮದ್ದಿಲ್ಲ.

ನೋಡಿ ಹೇಳಿ.


ನಿಧಾನ_ಚಾರ್ಜ್

ಮೇಲಿನವರು ಹೇಳಿದ್ದು ಬಹುಪಾಲು ಸರಿ. ಆದರೆ ಒಂದು ಮಾತು ಬಿಟ್ಟಿದ್ದಾರೆ. ಯಾವ ಸೆಲ್ ಆದರೂ ನಿಧಾನವಾಗಿ ಚಾರ್ಜ್ ಮಾಡಿದರೇ ಒಳ್ಳೇದು. ನಾನು ಸ್ಮಾರ್ಟ್ ಚಾರ್ಜರ್‌ನಲ್ಲೂ ಯಾವಾಗಲೂ ಅತಿ ಕಮ್ಮಿ, 200 ಎಂಎ ಇಟ್ಟೇ ಮಾಡುತ್ತೇನೆ. ಜೊತೆಗೆ ಪ್ರತಿ ಸಲ ಪೂರ್ತಿ ಖಾಲಿ ಮಾಡಿಯೇ ಚಾರ್ಜ್‌ಗೆ ಹಾಕಬೇಕು. ಇಲ್ಲದಿದ್ದರೆ ಮೆಮೊರಿ ಎಫೆಕ್ಟ್ ಬರುತ್ತದೆ, ಅಂದರೆ ಸೆಲ್ ಬಳಸಿದಷ್ಟನ್ನೇ ನೆನಪಿಟ್ಟುಕೊಂಡು ಮುಂದೆ ಅಷ್ಟೇ ಕೊಡುತ್ತದೆ ಅಲ್ವಾ?


ನಾಲ್ಕು_ಸೆಲ್

ನಿಧಾನ_ಚಾರ್ಜ್ ಅವರೇ, ಈ ಎರಡು ವಿಷಯದಲ್ಲೂ ನನ್ನ ಅಭಿಪ್ರಾಯ ಬೇರೆ. ಬಹಳ ಜನರ ಒಳ್ಳೇ ಸೆಲ್‌ಗಳು ಇಲ್ಲೇ ಹಾಳಾಗುತ್ತವೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೇಲೆ ಹೇಳಿದ ಆ ಮಿಲಿವೋಲ್ಟ್ ಇಳಿತ ಇದೆಯಲ್ಲ, ಅದು ಕಾಣಬೇಕಾದರೆ ಸಾಕಷ್ಟು ಕರೆಂಟ್ ಹರಿಯುತ್ತಿರಬೇಕು. ಸೆಲ್ ತುಂಬಿದ ಮೇಲೆ ಬರುವ ಶಕ್ತಿ ಬಿಸಿಯಾಗುತ್ತದೆ. ಬಿಸಿಯಾದಾಗ ವೋಲ್ಟೇಜ್ ಇಳಿಯುತ್ತದೆ. ಕರೆಂಟ್ ಕಮ್ಮಿ ಇದ್ದರೆ ಬಿಸಿಯೂ ಕಮ್ಮಿ, ಇಳಿತವೂ ಅತಿ ಸಣ್ಣದು. ಚಾರ್ಜರ್‌ಗೆ ಅದು ಗೊತ್ತೇ ಆಗದೆ ಹೋಗಬಹುದು. ಆಗ ಅದು ತುಂಬಿದ ಸೆಲ್ಲಿಗೆ ಗಂಟೆಗಟ್ಟಲೆ ತುಂಬುತ್ತಲೇ ಇರುತ್ತದೆ. ಈ ಇಳಿತ ನೋಡಿ ನಿಲ್ಲುವ ಚಾರ್ಜರ್‌ಗೆ ಸೆಲ್ಲಿನ ಕೆಪ್ಯಾಸಿಟಿಯ ಅರ್ಧದಷ್ಟು ಕರೆಂಟ್ ಇಟ್ಟರೆ ಕೆಲಸ ಸಲೀಸು. 2000ರ ಎಎಗೆ 1000 ಎಂಎ, 800ರ ಎಎಎಗೆ 400 ಎಂಎ. ಕೊನೆಯಲ್ಲಿ ಸೆಲ್ ಬೆಚ್ಚಗಾಗುತ್ತದೆ, ಅದು ಸರಿಯೇ. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಮಾತ್ರ ತಪ್ಪು. 45 ಡಿಗ್ರಿ ಸೆಲ್ಸಿಯಸ್ ದಾಟದ ಹಾಗೆ ನೋಡಿಕೊಳ್ಳಿ. ಚಾರ್ಜರ್ ಮೇಲೆ ಬಟ್ಟೆ, ಪುಸ್ತಕ ಇಡಬೇಡಿ. ಮುಚ್ಚಳ ಇದ್ದರೆ ತೆಗೆದಿಡಿ.

ನಿಧಾನ ಚಾರ್ಜ್‌ಗೂ ಒಂದು ಜಾಗ ಇದೆ. ಐಇಸಿ 61951-2 ಅನ್ನುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನಲ್ಲಿ ಈ ಸೆಲ್‌ಗಳ ಕೆಪ್ಯಾಸಿಟಿ ಅಳೆಯುವ ಮೊದಲು ಹತ್ತನೇ ಒಂದು ಭಾಗದ ಕರೆಂಟ್‌ನಲ್ಲಿ 16 ಗಂಟೆ ಚಾರ್ಜ್ ಮಾಡುತ್ತಾರೆ. 2000ಕ್ಕೆ 200 ಎಂಎ, 16 ಗಂಟೆ. ಅಂದರೆ 3200 ಎಂಎಎಚ್ ಒಳಗೆ ಹೋಗುತ್ತದೆ. ಅಷ್ಟು ಮೆಲ್ಲಗೆ ಹೋದಾಗ ಹೆಚ್ಚಾದದ್ದನ್ನು ಸೆಲ್ ತಾಳಿಕೊಳ್ಳುತ್ತದೆ. ಒಳಗೆ ಹುಟ್ಟುವ ಆಮ್ಲಜನಕ ಅಲ್ಲೇ ಮತ್ತೆ ಸೇರಿಹೋಗುತ್ತದೆ. ಮಲಗಿದ್ದ ಸೆಲ್ಲಿನ ಮೂಲೆ ಮೂಲೆಗೂ ಚಾರ್ಜ್ ತಲುಪಲು ಇದು ಒಳ್ಳೇ ದಾರಿ. ಚಾರ್ಜರ್‌ನಲ್ಲಿ ಬ್ರೇಕ್ ಇನ್ ಅಂತ ಇದ್ದರೆ ಅದು ಇದೇ. ಆದರೆ ಅಲ್ಲಿ ನಿಲ್ಲಿಸುವುದು ಗಡಿಯಾರ, ವೋಲ್ಟೇಜ್ ಇಳಿತ ಅಲ್ಲ. ಇದನ್ನು ಅಪರೂಪಕ್ಕೆ ಮಾಡಿ, ದಿನಾ ಬೇಡ.

ಹಳೇ ಚಾರ್ಜರ್‌ನಲ್ಲೂ ಲೆಕ್ಕ ಇದೇ ಥರ. 2000ವನ್ನು 150ರಿಂದ ಭಾಗಿಸಿ, ನಷ್ಟಕ್ಕೆ ಅಂತ ಅರ್ಧ ಸೇರಿಸಿದರೆ 20 ಗಂಟೆ. ಈ ಲೆಕ್ಕ ಪೂರ್ತಿ ಖಾಲಿ ಇರುವ ಸೆಲ್ಲಿಗೆ ಮಾತ್ರ. ಅರ್ಧ ತುಂಬಿದ್ದಕ್ಕೆ 20 ಗಂಟೆ ಕೊಟ್ಟರೆ ಕೊನೆಯ ಎಷ್ಟೋ ಗಂಟೆ ಬರೀ ಬಿಸಿ. ಖಾಲಿ ಮಾಡಿಯೇ ಚಾರ್ಜ್ ಮಾಡಿ ಅನ್ನುವ ಮಾತಿಗೆ ಇಂಥ ಚಾರ್ಜರ್‌ಗಳಲ್ಲಿ ಅರ್ಥ ಇತ್ತು. ತಾನಾಗಿ ನಿಲ್ಲುವ ಚಾರ್ಜರ್ ಇದ್ದಾಗ ಅರ್ಧ ಖಾಲಿ ಸೆಲ್ಲನ್ನೂ ಧಾರಾಳವಾಗಿ ಹಾಕಬಹುದು.

ಮೆಮೊರಿ ಎಫೆಕ್ಟ್ ಬಗ್ಗೆ. ಅದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು, ಪ್ರತಿ ಸಲ ಒಂದೇ ಅಳತೆಗೆ ಖಾಲಿ ಮಾಡಿ ತುಂಬುವ ಕಡೆ ಕಂಡದ್ದು. ನಿಕಲ್ ಮೆಟಲ್ ಹೈಡ್ರೈಡ್‌ನಲ್ಲಿ ಜಾಸ್ತಿ ಕಾಣುವುದು ಇನ್ನೊಂದು: ತುಂಬಿದ ಮೇಲೂ ಚಾರ್ಜರ್‌ನಲ್ಲೇ ಬಿಟ್ಟು ಬಿಟ್ಟು ವೋಲ್ಟೇಜ್ ಚೂರು ಕುಗ್ಗುವುದು. ಚಾರ್ಜ್ ಒಳಗಿರುತ್ತದೆ, ಆದರೆ ವೋಲ್ಟೇಜ್ ಕಮ್ಮಿ ಕಂಡು ಕ್ಯಾಮೆರಾ, ರೇಡಿಯೋ ಬೇಗ ಆಫ್ ಆಗುತ್ತವೆ. ಒಂದೆರಡು ಸಲ ಸೆಲ್ಲಿಗೆ 1 ವೋಲ್ಟ್ ಬರುವವರೆಗೆ ಇಳಿಸಿ ಪೂರ್ತಿ ಚಾರ್ಜ್ ಮಾಡಿದರೆ ಸರಿಹೋಗುತ್ತದೆ. ಕೆಲವು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಪ್ರತಿ ಸಲ ಮಾಡಿದರೆ ಸೆಲ್ಲಿನ ಸುತ್ತುಗಳನ್ನು ಸುಮ್ನೆ ಖರ್ಚು ಮಾಡಿದಂತೆ.

ಟಾರ್ಚ್‌ನಲ್ಲೇ ಬಿಟ್ಟು ಖಾಲಿ ಮಾಡುವುದಂತೂ ಬೇಡವೇ ಬೇಡ. ಸೆಲ್‌ಗಳನ್ನು ಕೊಲ್ಲುವುದರಲ್ಲಿ ಇದೇ ಮೊದಲನೆಯದು. ಸಾಲಾಗಿ ಹಾಕಿದ ಸೆಲ್‌ಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ದುರ್ಬಲವಾದದ್ದು ಮೊದಲು ಖಾಲಿಯಾಗುತ್ತದೆ. ಉಳಿದವಕ್ಕೆ ಇನ್ನೂ ಶಕ್ತಿ ಇರುತ್ತದೆ. ಅವು ಖಾಲಿ ಸೆಲ್ಲಿನ ಮೂಲಕವೇ ಕರೆಂಟ್ ತಳ್ಳುತ್ತವೆ. ಆಗ ಆ ಸೆಲ್ಲಿನ ಪ್ಲಸ್ ಮೈನಸ್ ತಿರುಗಿ ಬೀಳುತ್ತದೆ. ಒಳಗೆ ಹೈಡ್ರೋಜನ್ ಎದ್ದು ಒತ್ತಡ ಏರಿ ಸೀಲ್ ಬಾಯಿ ಬಿಡುತ್ತದೆ. ಬೆಳಕು ಮಂಕಾಯಿತು ಅಂದರೆ ಆಗಲೇ ತೆಗೆಯಿರಿ, ಕೊನೇ ಹನಿ ಹಿಂಡಬೇಡಿ.


ಮುಸ್ಸಂಜೆ_ಓದು

ಇಬ್ಬರಿಗೂ ಧನ್ಯವಾದ. ಹೇಳಿದಂತೆ ಮಾಡಿದೆ. ಫಲಿತಾಂಶ ಹೀಗಿದೆ.

0.70 ಮತ್ತು 0.31 ಎರಡೂ ಎದ್ದವು! ಹೊಸ ಚಾರ್ಜರ್ ಒಪ್ಪಿತು. ಮೂರು ಸುತ್ತಾದ ಮೇಲೆ 1850, 1500 ಕೊಡುತ್ತಿವೆ. 1.02 ಇದ್ದದ್ದು 2100 ಕೊಟ್ಟಿತು. 0.04ರದ್ದು ಹಳೇ ಚಾರ್ಜರ್‌ನಲ್ಲಿ 1.2ಕ್ಕೆ ಬಂತು, ತೆಗೆದಿಟ್ಟು ಒಂದು ಗಂಟೆ ಬಿಟ್ಟು ನೋಡಿದರೆ ಮತ್ತೆ 0.1.

2000ರಲ್ಲಿ ಮೂರು 1800ರ ಮೇಲೆಯೇ ಇವೆ. ಹತ್ತು ನಿಮಿಷದ ಸೆಲ್ ಎರಡು ಸಲ ತೆಗೆದು ಹಾಕಿದ ಮೇಲೆ ಪೂರ್ತಿ ಚಾರ್ಜ್ ಆಯಿತು, 1650 ಕೊಟ್ಟಿತು. ಆದರೂ ಟಾರ್ಚ್‌ನಲ್ಲಿ ಅದು ಇದ್ದಾಗ ಬೆಳಕು ಕಮ್ಮಿ. ಎಂಎಎಚ್ ಇದ್ದೂ ಯಾಕೆ ಹೀಗೆ? ನನ್ನ ಚಾರ್ಜರ್ ರೆಸಿಸ್ಟನ್ಸ್ ತೋರಿಸುವುದಿಲ್ಲ. ಮಲ್ಟಿಮೀಟರ್‌ನಲ್ಲಿ ಆಂಪಿಯರ್‌ಗೆ ಇಟ್ಟು ಸೆಲ್ಲಿಗೆ ಹಿಡಿದರೆ ಗೊತ್ತಾಗುತ್ತದಾ?


ನಾಲ್ಕು_ಸೆಲ್

ಆಂಪಿಯರ್‌ಗೆ ಇಟ್ಟು ಸೆಲ್ಲಿಗೆ ನೇರ ಹಿಡಿಯಬೇಡಿ! ಅದು ಶಾರ್ಟ್ ಮಾಡಿದಂತೆಯೇ. ಈ ಸೆಲ್‌ಗಳು ಶಾರ್ಟ್ ಆದರೆ ಹತ್ತಾರು ಆಂಪಿಯರ್ ಕೊಡುತ್ತವೆ. ಮೀಟರ್‌ನ ಫ್ಯೂಸ್ ಹೋಗುತ್ತದೆ, ತಂತಿ ಕಾಯುತ್ತದೆ.

ಬೇರೆ ದಾರಿ ಇದೆ. 2.2 ಓಮ್ (ರೆಸಿಸ್ಟನ್ಸಿನ ಅಳತೆ), 2 ವ್ಯಾಟ್‌ನ ಒಂದು ರೆಸಿಸ್ಟರ್ ತನ್ನಿ. ಪೂರ್ತಿ ಚಾರ್ಜ್ ಆಗಿ ತಣಿದ ಸೆಲ್ಲಿನ ವೋಲ್ಟೇಜ್ ಮೊದಲು ಬರಿದೇ ಅಳೆಯಿರಿ. ಆಮೇಲೆ ರೆಸಿಸ್ಟರನ್ನು ಎರಡು ತುದಿಗೂ ಒತ್ತಿ ಹಿಡಿದು, ಒಂದೆರಡು ಸೆಕೆಂಡ್ ಆದ ಮೇಲೆ ಸೆಲ್ಲಿನ ತುದಿಯಲ್ಲೇ ಮತ್ತೆ ಅಳೆಯಿರಿ. ಮೊದಲು 1.32 ಇದ್ದು, ರೆಸಿಸ್ಟರ್ ಹಿಡಿದಾಗ, ಅಂದರೆ ಲೋಡ್‌ನಲ್ಲಿ 1.20 ಆಯಿತು ಅನ್ನಿ. 1.20ನ್ನು 2.2ರಿಂದ ಭಾಗಿಸಿದರೆ ಸುಮಾರು 0.55 ಆಂಪಿಯರ್. ಬಿದ್ದದ್ದು 0.12 ವೋಲ್ಟ್. 0.12ನ್ನು 0.55ರಿಂದ ಭಾಗಿಸಿದರೆ ಸುಮಾರು 0.22 ಓಮ್. ಚೆನ್ನಾಗಿರುವ ಸೆಲ್ ಆದರೆ ಬೀಳುವುದು 0.03ರಷ್ಟು, ಅಂದರೆ 0.05 ಓಮ್ ಹತ್ತಿರ. ಕೈಯಲ್ಲಿ ಒತ್ತಿ ಹಿಡಿದಾಗ ನಂಬರ್ ಕುಣಿಯುತ್ತದೆ, ಹಾಗಾಗಿ ಕೊನೆಯ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಸೆಲ್ ಸಾಲಾಗಿ ಅಳೆದರೆ ಯಾವುದು ಬೇರೆ ಅಂತ ಕಣ್ಣಿಗೇ ಕಾಣುತ್ತದೆ.

ಈ 0.22 ಓಮ್ ಎಂಬುದು ಎಷ್ಟು ದೊಡ್ಡ ವಿಷಯ ಅಂತ ನನಗೆ ಫ್ಲಾಶ್ ಕಲಿಸಿತು. ಒಂದು ಸಲ ಹೊಡೆದ ಮೇಲೆ ಫ್ಲಾಶ್ ಮತ್ತೆ ತುಂಬಿಕೊಳ್ಳಲು ಸೆಲ್‌ಗಳಿಂದ ಹಲವು ಆಂಪಿಯರ್ ಎಳೆಯುತ್ತದೆ. 4 ಆಂಪಿಯರ್ ಅಂತ ಇಟ್ಟುಕೊಳ್ಳಿ. 0.025 ಓಮ್ ಇರುವ ಹೊಸ ಸೆಲ್ಲಿನಲ್ಲಿ ಬೀಳುವುದು 0.1 ವೋಲ್ಟ್ ಮಾತ್ರ. 0.2 ಓಮ್ ಇದ್ದರೆ 0.8 ವೋಲ್ಟ್! 1.2ರಲ್ಲಿ 0.8 ಒಳಗೇ ಕರಗಿಹೋದರೆ ಹೊರಗೆ ಉಳಿಯುವುದೇನು? ಒಳ್ಳೇ ಸೆಟ್ ಇದ್ದಾಗ ಮೂರು ನಾಲ್ಕು ಸೆಕೆಂಡಲ್ಲಿ ಸಿದ್ಧವಾಗುವ ಫ್ಲಾಶ್, ಅಂಥ ಒಂದು ಸೆಲ್ ಸೇರಿದರೂ ಹತ್ತು ಸೆಕೆಂಡ್ ಕಾಯಿಸುತ್ತದೆ. ಆ ಹೊತ್ತಿಗೆ ಮಗುವಿನ ಮುಖದ ನಗು ಹೋಗಿರುತ್ತದೆ. ಹೀಗೆ ಕೈತಪ್ಪಿದ ಫೋಟೋಗಳು ನೆನಪಿದ್ದೇ ನಾನು ಇಷ್ಟು ಅಳೆಯುವುದು.

ಅದೇ ಸೆಲ್ಲನ್ನು ಟಿವಿ ರಿಮೋಟ್‌ಗೆ ಹಾಕಿ. ಅಲ್ಲಿ ಬೇಕಾದದ್ದು ಕೆಲವೇ ಮಿಲಿಆಂಪಿಯರ್. 20 ಎಂಎಗೆ 0.2 ಓಮ್‌ನಲ್ಲಿ ಬೀಳುವುದು 4 ಮಿಲಿವೋಲ್ಟ್. ರಿಮೋಟ್‌ಗೆ ಗೊತ್ತೇ ಆಗುವುದಿಲ್ಲ. ನಿಮ್ಮ 1650ರ ಸೆಲ್ಲಿಗೆ ಇಂಥ ಹಗುರ ಕೆಲಸ ಕೊಡಿ: ರಿಮೋಟ್, ವೈರ್‌ಲೆಸ್ ಮೌಸ್. ಕೊಡುವ ಮೊದಲು ಪೂರ್ತಿ ಚಾರ್ಜ್ ಮಾಡಿ ಒಂದು ವಾರ ಸುಮ್ನೆ ಇಟ್ಟು, ಆಮೇಲೆ ಡಿಸ್ಚಾರ್ಜ್ ಮಾಡಿ ನೋಡಿ. 1500 ಬಂದರೆ ಸರಿ. 800ಕ್ಕೆ ಇಳಿದರೆ ಅದು ಒಳಗೇ ಸೋರುತ್ತಿದೆ, ರಿಮೋಟ್‌ಗೂ ಬೇಡ. ಎದ್ದ 2700ರವಕ್ಕೂ ಈ ವಾರದ ಪರೀಕ್ಷೆ ಮಾಡಿಯೇ ನಂಬಿ. ಎದ್ದ ದಿನ ಎಲ್ಲ ಸೆಲ್ಲೂ ಚೆನ್ನಾಗಿಯೇ ಕಾಣುತ್ತವೆ.

0.04ರದ್ದು ಒಂದು ಗಂಟೆಯಲ್ಲಿ 0.1ಕ್ಕೆ ಬಿದ್ದಿದೆ ಅಂದರೆ ಒಳಗೆ ಶಾರ್ಟ್ ಇದೆ. ಅದನ್ನು ಬಿಟ್ಟುಬಿಡಿ. ಎರಡು ತುದಿಗೂ ಟೇಪ್ ಸುತ್ತಿ ಹಳೇ ಬ್ಯಾಟರಿ ತೆಗೆದುಕೊಳ್ಳುವ ಕಡೆ ಕೊಡಿ. ಮಾಮೂಲಿ ಕಸಕ್ಕೆ ಹಾಕಬೇಡಿ.

ಉಳಿದ 2000ರ ಮೂರನ್ನು ಒಂದು ಸೆಟ್ ಮಾಡಿ. ಮೈಮೇಲೆ ಮಾರ್ಕರ್‌ನಿಂದ ಒಂದೇ ಅಕ್ಷರ ಬರೆಯಿರಿ, ಪಕ್ಕದಲ್ಲಿ ಇವತ್ತಿನ ತಿಂಗಳು, ವರ್ಷ ಮತ್ತು ಬಂದ ಎಂಎಎಚ್. ಅವು ಒಟ್ಟಿಗೇ ದುಡಿಯಲಿ, ಒಟ್ಟಿಗೇ ಚಾರ್ಜ್ ಆಗಲಿ. 2700ರ ಜೊತೆ ಬೆರೆಸಬೇಡಿ. 2100 ಕೊಡುವುದನ್ನೂ 1500 ಕೊಡುವುದನ್ನೂ ಒಂದೇ ಟಾರ್ಚ್‌ಗೆ ಹಾಕಿದರೆ 1500ರದ್ದು ಮೊದಲು ಖಾಲಿಯಾಗಿ ತಿರುಗಿ ಬೀಳುತ್ತದೆ.

ಬಳಸದೆ ಇಡುವಾಗ ತಂಪಾದ ಒಣ ಜಾಗ ಸಾಕು. ಉಪಕರಣದ ಒಳಗೆ ಬಿಡಬೇಡಿ. ಆಫ್ ಮಾಡಿದ್ದರೂ ಕೆಲವು ಚೂರು ಚೂರೇ ಎಳೆಯುತ್ತಿರುತ್ತವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ, ಬೀಗದ ಕೈ, ನಾಣ್ಯ ಇರುವ ಕಡೆ ಬೇಡ. ವರ್ಷಕ್ಕೆ ಒಂದೆರಡು ಸಲ ತೆಗೆದು ಚಾರ್ಜ್ ಮಾಡಿದರೆ ಮತ್ತೆ ಹೀಗೆ ಎಬ್ಬಿಸುವ ಕೆಲಸ ಬರುವುದಿಲ್ಲ.


ಹಳೇ_ಪವರ್‌ಬ್ಯಾಂಕ್

ಒಳ್ಳೇ ಚರ್ಚೆ. ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ಹಳೇ ಪವರ್‌ಬ್ಯಾಂಕ್ ಬಿಚ್ಚಿ ತೆಗೆದ 18650 ಸೈಜಿನ ಲಿಥಿಯಂ ಸೆಲ್ ಇವೆ. ಒಂದರಲ್ಲಿ 1.4 ವೋಲ್ಟ್ ಇದೆ, ಚಾರ್ಜರ್ ಒಪ್ಪುತ್ತಿಲ್ಲ. ಇದೇ ಉಪಾಯದಲ್ಲಿ ಎಬ್ಬಿಸಬಹುದಾ? ಹಾಗೇ, ಮಾಮೂಲಿ ಆಲ್ಕಲೈನ್ ಸೆಲ್ಲನ್ನೂ ಚಾರ್ಜ್ ಮಾಡಬಹುದು ಅಂತ ಕೇಳಿದ್ದೆ.


ನಾಲ್ಕು_ಸೆಲ್

ಬೇಡ. ಎರಡೂ ಬೇಡ.

ನಿಕಲ್ ಸೆಲ್ ಖಾಲಿಯಾಗಿ ಮಲಗಿದರೆ ಬಹುಪಾಲು ನಷ್ಟ ಕೆಪ್ಯಾಸಿಟಿಯಷ್ಟೇ. ಲಿಥಿಯಂ ಅಯಾನ್ ಹಾಗಲ್ಲ. ಸುಮಾರು 2 ವೋಲ್ಟ್‌ಗಿಂತ ಕೆಳಗೆ ಬಹಳ ದಿನ ಬಿದ್ದಿದ್ದರೆ ಅದರೊಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಮಾಡಬಹುದು. ಆ ಶಾರ್ಟ್ ಇವತ್ತೇ ಆಗಬೇಕೆಂದಿಲ್ಲ. ಚೆನ್ನಾಗಿ ಚಾರ್ಜ್ ಆಯಿತು ಅಂದುಕೊಂಡು ನೀವು ಮಲಗಿದಾಗ ಆಗಬಹುದು. ಅದರೊಳಗಿನ ದ್ರವ ಬೆಂಕಿ ಹಿಡಿಯುವಂಥದ್ದು. 1.4ರ ಆ ಸೆಲ್ಲಿನ ತುದಿಗಳಿಗೆ ಟೇಪ್ ಸುತ್ತಿ ಕೊಟ್ಟುಬಿಡಿ. ಚೆನ್ನಾಗಿರುವ ಉಳಿದ ಸೆಲ್‌ಗಳನ್ನೂ ಲಿಥಿಯಂ ಚಾರ್ಜರ್‌ನಲ್ಲಿ ಮಾತ್ರ ಹಾಕಿ. ಮಾಮೂಲಿ ಲಿಥಿಯಂ ಅಯಾನ್ 4.2 ವೋಲ್ಟ್‌ಗೆ ನಿಲ್ಲಬೇಕು. ನಿಕಲ್ ಚಾರ್ಜರ್ ಕಾಯುವ ವೋಲ್ಟೇಜ್ ಇಳಿತ ಅದರಲ್ಲಿ ಬರುವುದೇ ಇಲ್ಲ.

ಒಂದು ಎಚ್ಚರಿಕೆ ಎಲ್ಲರಿಗೂ. 14500 ಅನ್ನುವ ಲಿಥಿಯಂ ಸೆಲ್ ನೋಡಲು ಎಎ ಥರವೇ ಇರುತ್ತದೆ, ಸೈಜೂ ಅಷ್ಟೇ. ಆದರೆ 3.7 ವೋಲ್ಟ್. ಡಬ್ಬಿಯಿಂದ ತೆಗೆದ ಸೆಲ್ಲಿನ ಮೈಮೇಲಿನ ಅಕ್ಷರ ಓದದೆ ಯಾವ ಗೂಡಿಗೂ ಹಾಕಬೇಡಿ.

ಆಲ್ಕಲೈನ್ ಸೆಲ್ ಚಾರ್ಜ್ ಮಾಡಿದರೆ ಗ್ಯಾಸ್ ಎದ್ದು ಸೋರುತ್ತದೆ, ಚಾರ್ಜರ್ ಹಾಳು. ಗೋಡೆ ಗಡಿಯಾರ, ಹೊಗೆ ಅಲಾರಂ ಇಂಥವಕ್ಕೆ ಹೊಸ ಆಲ್ಕಲೈನ್ ಸೆಲ್ಲನ್ನೇ ಹಾಕಿ. ಅದರಲ್ಲೂ ಹೊಗೆ ಅಲಾರಂಗೆ ಎಬ್ಬಿಸಿದ ಸೆಲ್ ಹಾಕುವ ಯೋಚನೆಯೇ ಬೇಡ.


ಮುಸ್ಸಂಜೆ_ಓದು

ರೆಸಿಸ್ಟರ್ ತಂದು ಅಳೆದೆ. 2000ರ ಮೂರು ಸೆಲ್ 0.03ರಿಂದ 0.04 ವೋಲ್ಟ್ ಬಿದ್ದವು. ನಾಲ್ಕನೇದು 0.13! ಅದು ರಿಮೋಟ್‌ಗೆ ಹೋಗುತ್ತದೆ, ವಾರದ ಪರೀಕ್ಷೆ ಪಾಸಾದರೆ. ಕೊನೇ ಪ್ರಶ್ನೆ: ಮೂರು ಸೆಲ್ಲಿನ ಟಾರ್ಚ್‌ಗೆ ಈ ಮೂರು ಸಾಕು. ಆದರೆ ಹಳೇ ಚಾರ್ಜರ್‌ನಲ್ಲಿ ಜೋಡಿ ಬೇಕಲ್ಲ, ಮೂರನೇದನ್ನು ಏನು ಮಾಡಲಿ?


ನಾಲ್ಕು_ಸೆಲ್

ಮೂರನ್ನೂ ಹೊಸದರಲ್ಲೇ ಮಾಡಿ, 1000 ಎಂಎ ಇಟ್ಟು. ಅಲ್ಲಿ ಒಂದೊಂದು ಗೂಡೂ ಬೇರೆ, ಜೋಡಿಯ ಹಂಗಿಲ್ಲ. ಹಳೇದನ್ನು ಎಸೆಯಬೇಡಿ. ಮತ್ತೆ ಯಾವುದಾದರೂ ಸೆಲ್ ಮಲಗಿದರೆ ಕಾಲು ಗಂಟೆ ಎಬ್ಬಿಸಲು ಅದೇ ಬೇಕು.